ಚೀಟಿ ಕೊಟ್ಟ ಮೇಲೆ

ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದು ನನ್ನ ಕೆಲಸ. ಒಂದು ವರ್ಷ ಬಾಣಂತಿಯರ ಊಟದ ಬಗ್ಗೆ, ಇನ್ನೊಂದು ವರ್ಷ ಸಕ್ಕರೆ ಕಾಯಿಲೆ ಬಗ್ಗೆ, ಹೀಗೆ ಯಾವ ಸಂಶೋಧನೆಗೆ ಜನ ಬೇಕೋ ಅಲ್ಲಿಗೆ ಹೋಗುತ್ತೇನೆ. ಕಳೆದ ಸಲ ಸಿಕ್ಕಿದ್ದು ಹದಿಹರೆಯದ ಮಕ್ಕಳು ಮತ್ತು ನಶೆ. ಬೆಂಗಳೂರಿನ ಪೀಣ್ಯ, ಲಗ್ಗೆರೆ ಸುತ್ತಮುತ್ತ 12ರಿಂದ 17 ವರ್ಷದ ಮಕ್ಕಳನ್ನು ಮಾತಾಡಿಸಬೇಕು. ಏನು ಬಳಸುತ್ತಾರೆ, ಯಾವಾಗ ಶುರುವಾಯ್ತು, ಬಿಡೋಕೆ ಯಾರ ಹತ್ತಿರ ಹೋದರು ಅಂತ ಬರೆದುಕೊಳ್ಳಬೇಕು.

ಈ ಕೊನೆಯ ಪ್ರಶ್ನೆಗೆ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಅದಕ್ಕೂ ಡಾಕ್ಟರು ಇರ್ತಾರಾ ಅಂತ ಎಷ್ಟೋ ಮಕ್ಕಳು ವಾಪಸ್ ಕೇಳಿದ್ದಾರೆ. ಅವರಲ್ಲಿ ಒಬ್ಬ ಹುಡುಗನ ಜೊತೆ ನಾನೂ ಆಸ್ಪತ್ರೆ ತನಕ ಹೋದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನೂ ಅವನ ತಾಯಿಯೂ ಬರೀರಿ ಅಂದಿದ್ದಾರೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.

ಇಂಥ ಕೆಲಸದಲ್ಲಿ ಮೊದಲ ಕಷ್ಟ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಅಪ್ಪ ಅಥವಾ ಅಮ್ಮನ ಸಹಿ ಬೇಕು, 12 ದಾಟಿದ ಮಗುವಿನ ಲಿಖಿತ ಒಪ್ಪಿಗೆಯೂ ಬೇಕು. ಅಪ್ಪ ಒಪ್ಪಿದರೂ ಹುಡುಗ ಬೇಡ ಅಂದರೆ ನಾವು ಎದ್ದು ಬರಬೇಕು. ಹುಡುಗನಿಗೆ ಮನಸ್ಸಿದ್ದು ಅಪ್ಪ ಬೇಡ ಅಂದರೂ ಅಷ್ಟೇ. 'ನಮ್ಮ ಹುಡ್ಗ ಅಂಥೋನಲ್ಲ, ಬೇರೆ ಮನೆ ನೋಡಿ' ಅಂತ ಬಾಗಿಲಲ್ಲೇ ಕಳಿಸಿದವರು ಬಹಳ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಾ ಇರುವಾಗ ಇನ್ನೇನು ಹೇಳುತ್ತಾರೆ?

ಎರಡನೇ ಕಷ್ಟ ಜಾಗ. ಹುಡುಗನ ಉತ್ತರ ಮನೆಯವರ ಕಿವಿಗೆ ಬೀಳಬಾರದು ಅನ್ನುವುದು ನಿಯಮ. ಆದರೆ ವಠಾರದ ಒಂದೇ ಕೋಣೆ ಮನೆಯಲ್ಲಿ ಅಡುಗೆ, ಮಲಗುವುದು, ಓದುವುದು ಎಲ್ಲಾ ಅಲ್ಲೇ. ಹೊರಗೆ ಬಂದರೆ ನಲ್ಲಿ ಹತ್ತಿರ ನಾಲ್ಕು ಜನ. ಆದ್ದರಿಂದ ನಮ್ಮ ಸಂದರ್ಶನಗಳೆಲ್ಲ ಹೆಚ್ಚಾಗಿ ತಾರಸಿ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ನಡೆದವು.

ಈ ಹುಡುಗನದ್ದೂ ಅಲ್ಲೇ. 14 ವರ್ಷ, ಎಂಟನೇ ಕ್ಲಾಸು. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ತಂದೆ ಕುಡಿಯುತ್ತಾರೆ, ಕೆಲಸಕ್ಕೆ ಮನಸ್ಸಿದ್ದ ದಿನ ಹೋಗುತ್ತಾರೆ. ತಾಯಿ ಸಹಿ ಹಾಕಿ, 'ಮೇಡಂ, ಇವ್ನು ಮಾತೇ ಆಡಲ್ಲ, ನಿಮ್ಗೆ ಸುಮ್ನೆ ಟೈಮ್ ವೇಸ್ಟು' ಅಂದರು.

ಅವನು ಮಾತಾಡಲಿಲ್ಲ, ನಿಜ. ನಮ್ಮ ಹತ್ತಿರ ಚಿತ್ರದ ಕಾರ್ಡು ಇರುತ್ತದೆ. ಬೀಡಿ, ಸಿಗರೇಟು, ಗುಟ್ಕಾ ಪ್ಯಾಕೆಟ್, ಬಿಯರ್ ಬಾಟ್ಲಿ, ಗಾಂಜಾ, ವೈಟ್ನರ್, ಪಂಕ್ಚರ್ ಸಲ್ಯೂಷನ್ ಟ್ಯೂಬು, ಮಾತ್ರೆ ಶೀಟು. ಅದನ್ನು ಅವನ ಮುಂದೆ ಇಟ್ಟೆ. ಸಿಗರೇಟಿನ ಮೇಲೆ ಬೆರಳಿಟ್ಟು ತೆಗೆದ. ಬಾಟ್ಲಿ ಬಿಟ್ಟ, ಗಾಂಜಾ ಬಿಟ್ಟ. ಸಲ್ಯೂಷನ್ ಟ್ಯೂಬಿನ ಚಿತ್ರದ ಮೇಲೆ ಇಟ್ಟ ಬೆರಳು ಅಲ್ಲೇ ಉಳಿಯಿತು. ಉಗುರಿನ ಸುತ್ತ ಒಣಗಿದ ಅಂಟು ಇತ್ತು, ಹಳದಿ ಬಣ್ಣಕ್ಕೆ ತಿರುಗಿ ಸಿಪ್ಪೆ ಎದ್ದಿತ್ತು. ಮೂಗಿನ ಕೆಳಗೆ, ತುಟಿ ಮೇಲೆ ಚರ್ಮ ಒಡೆದಿತ್ತು. ತರಬೇತಿಯಲ್ಲಿ ಈ ಗುರುತುಗಳನ್ನೆಲ್ಲ ಸ್ಲೈಡ್ ಹಾಕಿ ತೋರಿಸಿದ್ದರು. ಎದುರಿಗೆ ಕೂತ ಮಗುವಿನ ಮೇಲೆ ನೋಡುವುದು ಬೇರೆ.

ಪ್ರಶ್ನೆಗಳು ವಿಶ್ವ ಆರೋಗ್ಯ ಸಂಸ್ಥೆಯ 'ಅಸಿಸ್ಟ್' ಪ್ರಶ್ನಾವಳಿಯ ಮಾದರಿಯವು. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ? ಬೇಕೇ ಬೇಕು ಅನಿಸಿದ್ದು ಎಷ್ಟು ಸಲ? ಅದರಿಂದ ಜಗಳ, ದುಡ್ಡಿನ ತೊಂದರೆ ಆಯ್ತಾ? ಮಾಡಬೇಕಾದ ಕೆಲಸ ತಪ್ಪಿತಾ? ಬಿಡೋಕೆ ನೋಡಿ ಆಗಲಿಲ್ವಾ? ಪ್ರತಿ ಉತ್ತರಕ್ಕೂ ಅಂಕ ಇದೆ. ಒಂದು ಪದಾರ್ಥಕ್ಕೆ 27 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಜ್ಞರ ಹತ್ತಿರ ಕಳಿಸಬೇಕು ಅಂತ ಲೆಕ್ಕ. ಅವನದು ಅದನ್ನು ದಾಟಿತ್ತು. ಶಾಲೆ ಬಿಟ್ಟ ಮೇಲೆ ಒಂದು ಸೈಕಲ್ ಅಂಗಡಿಯಲ್ಲಿ ಕೂರುತ್ತಿದ್ದನಂತೆ. ಟ್ಯೂಬು ಅಲ್ಲೇ ಸಿಗುತ್ತಿತ್ತು. ಗಾಂಜಾ ಇಟ್ಟುಕೊಂಡವರನ್ನು ಪೊಲೀಸರು ಹಿಡಿಯುತ್ತಾರೆ. ಬಟ್ಟೆಗೆ ಸಲ್ಯೂಷನ್ ಹಚ್ಚಿ ಮೂಗಿಗೆ ಹಿಡಿಯುವ ಹುಡುಗನನ್ನು ಯಾರೂ ತಿರುಗಿ ನೋಡುವುದಿಲ್ಲ.

2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ವರದಿ ನನಗೆ ನೆನಪಾಗುವುದು ಇಂಥ ಕಡೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನವರು ಮಾಡಿದ್ದು. ದೇಶದಲ್ಲಿ ದೊಡ್ಡವರಿಗಿಂತ ಮಕ್ಕಳೇ ಜಾಸ್ತಿ ಪ್ರಮಾಣದಲ್ಲಿ ಬಳಸುವ ಒಂದೇ ಒಂದು ನಶೆ ಅಂದರೆ ಈ ಮೂಸುವ ನಶೆ. 10ರಿಂದ 17ರ ವಯಸ್ಸಿನವರಲ್ಲಿ ಶೇಕಡ 1.17, ದೊಡ್ಡವರಲ್ಲಿ ಶೇಕಡ 0.58. ಅದೂ ಮನೆಗಳಿಗೆ ಹೋಗಿ ಕೇಳಿ ಬಂದ ಲೆಕ್ಕ. ಮೆಜೆಸ್ಟಿಕ್ ಪ್ಲಾಟ್‌ಫಾರ್ಮಿನಲ್ಲಿ, ಫ್ಲೈಓವರ್ ಕೆಳಗೆ ಮಲಗುವ ಮಕ್ಕಳಿಗೆ ತಟ್ಟಲು ಬಾಗಿಲೇ ಇಲ್ಲವಲ್ಲ, ಅವರು ಇಂಥ ಲೆಕ್ಕಕ್ಕೆ ಸಿಗುವುದು ಕಷ್ಟ.

ಪ್ರಶ್ನೆಗಳು ಮುಗಿದವು. 'ನಿಂಗೆ ಬಿಡೋಕೆ ಸಹಾಯ ಬೇಕಾ?' ಅಂತ ಕೇಳುವುದು ಫಾರಂನಲ್ಲೇ ಇದೆ. ಕೇಳಿದೆ. ತುಂಬಾ ಹೊತ್ತು ಬಿಟ್ಟು, 'ಅಮ್ಮಂಗೆ ನೀವೇ ಹೇಳಿ ಅಕ್ಕ' ಅಂದ.

ಉತ್ತರಗಳು ಗುಟ್ಟಾಗಿ ಇರಬೇಕು. ಹಾಗಾಗಿ ಅಲ್ಲಿಂದಲೇ ನಮ್ಮ ತಂಡದ ಮನಶ್ಶಾಸ್ತ್ರಜ್ಞೆಗೆ ಫೋನ್ ಮಾಡಿದೆ. ಹುಡುಗನ ಜೊತೆ ಅವರೇ ಮಾತಾಡಿದರು. ಏನು ಹೇಳಬಹುದು, ಏನು ಹೇಳಬಾರದು ಅಂತ ಅವನಿಂದಲೇ ತಿಳಿದುಕೊಂಡರು. ಸೈಕಲ್ ಅಂಗಡಿ ವಿಷಯ ಹೇಳಬಹುದು, ಅಪ್ಪನ ವಿಷಯ ತಾನು ಹೇಳಿದ್ದು ಬೇಡ ಅಂದ. ಆಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತಾಯಿಗೆ ಹೇಳಿದೆವು. ಅವರು ಬೈಯಲಿಲ್ಲ, ಅಳಲಿಲ್ಲ. ಅವನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. 'ಫೆವಿಕಾಲ್ ಅಂತಿದ್ದ ಮೇಡಂ. ಸ್ಕೂಲಲ್ಲಿ ಪ್ರಾಜೆಕ್ಟು ಅಂತಿದ್ದ.'

ಕೆಲಸದ ನಿಯಮದ ಪ್ರಕಾರ ಇಲ್ಲಿಗೆ ನನ್ನ ಪಾತ್ರ ಮುಗಿಯಿತು. ಒಂದು ಚೀಟಿ ಕೊಡಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯ ವ್ಯಸನ ಚಿಕಿತ್ಸಾ ಕೇಂದ್ರದ ವಿಳಾಸ, ಟೆಲಿ ಮನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446, ಎಲ್ಲಾ ಅದರಲ್ಲಿದೆ. ಚೀಟಿ ಕೊಟ್ಟೆವು ಅಂತ ಒಂದು ಕಾಲಂ ಇದೆ, ಅಲ್ಲಿ ಟಿಕ್ ಹಾಕಿದರೆ ಆಯ್ತು. ವರದಿಯಲ್ಲಿ ಅದು 'ಚಿಕಿತ್ಸೆಗೆ ಕಳಿಸಲಾಗಿದೆ' ಅಂತ ಆಗುತ್ತದೆ. ಅದೇ 2019ರ ಸಮೀಕ್ಷೆಯಲ್ಲಿ, ಮದ್ಯದ ವ್ಯಸನ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಇದೆ. ದೊಡ್ಡವರೂ ಸೇರಿರುವ ಈ ಲೆಕ್ಕವೇ ಹೀಗಿದ್ದರೆ, ಗಾರ್ಮೆಂಟ್ಸ್ ಕೆಲಸದ ತಾಯಿಯೊಬ್ಬರು 14ರ ಹುಡುಗನನ್ನು ಕರೆದುಕೊಂಡು ಹೊಸೂರು ರಸ್ತೆ ತನಕ ಹೋಗುತ್ತಾರಾ? ಕೆಲವು ದಿನ ಬಿಟ್ಟು ವಿಚಾರಿಸಿದೆ. ಹೋಗಿರಲಿಲ್ಲ. ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ, ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಅದಕ್ಕಿಂತ ಜಾಸ್ತಿ, ಸೂಪರ್‌ವೈಸರ್‌ಗೆ ಏನಂತ ಹೇಳೋದು?

ಅಷ್ಟರಲ್ಲಿ ಹುಡುಗನ ದೊಡ್ಡಪ್ಪ ಇನ್ನೊಂದು ದಾರಿ ಹುಡುಕಿದ್ದರು. ಊರ ಹೊರಗಿನ ಒಂದು ಖಾಸಗಿ ಕೇಂದ್ರ. ಹೆಸರು ಬೇಡ. 'ವ್ಯಾನ್ ಕಳಿಸ್ತೀವಿ, ರಾತ್ರಿ ಮಲಗಿದ್ದಾಗಲೇ ಕರ್ಕೊಂಡು ಹೋಗ್ತೀವಿ, ಆರು ತಿಂಗಳು ನೀವು ಬರೋದೇ ಬೇಡ' ಅಂದಿದ್ದರಂತೆ. ಪೂರ್ತಿ ಹಣ ಮುಂಗಡ. ತಾಯಿ ಚಿನ್ನದ ಓಲೆ ಅಡ ಇಡಲು ಹೊರಟಿದ್ದರು. ನನಗೆ ಫೋನ್ ಮಾಡಿ, 'ಮೇಡಂ, ಒಂದ್ಸಲ ನೀವು ಮಾತಾಡಿ ನೋಡಿ' ಅಂದರು.

ನಾನು ಫೋನಿನಲ್ಲಿ ಎರಡೇ ವಿಷಯ ಕೇಳಿದೆ. ನೋಂದಣಿ ಇದೆಯಾ? ಮಕ್ಕಳಿಗೆ ಬೇರೆ ವ್ಯವಸ್ಥೆ ಇದೆಯಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ತೊಂದರೆಯೂ ಮಾನಸಿಕ ಕಾಯಿಲೆಯ ಅರ್ಥದಲ್ಲೇ ಬರುತ್ತದೆ. ಇಂಥವರನ್ನು ಒಳಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ನೋಂದಣಿ ಮಾಡಿಸಲೇಬೇಕು. 18 ತುಂಬದವರನ್ನು ದೊಡ್ಡವರ ಜೊತೆ ಇಡುವ ಹಾಗಿಲ್ಲ. ಮನೆಯವರು, ಇಲ್ಲವೇ ಅವರು ಗೊತ್ತುಮಾಡಿದ ಒಬ್ಬರು, ಇರುವಷ್ಟು ದಿನವೂ ಜೊತೆಗೆ ಇರಬೇಕು. ಸರಪಳಿ ಹಾಕುವುದಂತೂ ಯಾವ ವಯಸ್ಸಿನವರಿಗೂ ಕೂಡದು. ಆ ಕಡೆಯವರು ನೋಂದಣಿ ಸಂಖ್ಯೆ ಹೇಳಲಿಲ್ಲ. 'ಎಲ್ಲಾರೂ ಒಂದೇ ಹಾಲಲ್ಲಿ ಇರ್ತಾರೆ, ಶಿಸ್ತು ಬರತ್ತೆ' ಅಂದರು. ತಾಯಿಗೆ ಇದಿಷ್ಟನ್ನೂ ಹೇಳಿದೆ. ದೊಡ್ಡಪ್ಪನಿಗೆ ಬೇಜಾರಾಯಿತು, ಆದರೂ ಓಲೆ ಕಿವಿಯಲ್ಲೇ ಉಳಿಯಿತು.

ನಮ್ಮ ಮುಖ್ಯ ಸಂಶೋಧಕಿಯ ಅನುಮತಿ ತೆಗೆದುಕೊಂಡು ನಾನೇ ತಾಯಿ, ಮಗನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಲಗ್ಗೆರೆಯಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು. ಶಕ್ತಿ ಯೋಜನೆಯಿಂದ ನಮ್ಮಿಬ್ಬರಿಗೂ ಟಿಕೆಟ್ ದುಡ್ಡಿಲ್ಲ, ಹುಡುಗನಿಗೆ ಮಾತ್ರ ಕೊಡಬೇಕು. ಬೆಳಗಿನ ಜಾವವೇ ಹೊರಟರೂ ನಾವು ಮುಟ್ಟುವ ಹೊತ್ತಿಗೆ ಸಾಲು ಉದ್ದ ಇತ್ತು. ಆಂಧ್ರದಿಂದ, ರಾಯಚೂರಿಂದ ರಾತ್ರಿ ಬಸ್ಸಿಗೆ ಬಂದವರು ಬುತ್ತಿ ಬಿಚ್ಚಿ ಕೂತಿದ್ದರು. ಆಧಾರ್ ಕಾರ್ಡು, ಬಿಪಿಎಲ್ ಕಾರ್ಡು ಒಯ್ದಿದ್ದು ಒಳ್ಳೆಯದಾಯಿತು. ಬಡವರಿಗೆ ರಿಯಾಯಿತಿ ಇದೆ. ಅಡ ಇಡಬೇಕಾದಷ್ಟು ಖರ್ಚು ಯಾವ ಕಡೆಯಿಂದಲೂ ಬರಲಿಲ್ಲ.

ಸಾಲಿನಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಪಾಲು ನಡುವಯಸ್ಸಿನ ಗಂಡಸರು. ಜೊತೆಗೆ ಹೆಂಡತಿ, ಇಲ್ಲ ಅಣ್ಣ. ಹುಡುಗ ಅವರನ್ನೆಲ್ಲ ನೋಡಿ, 'ಇವ್ರೆಲ್ಲ ಕುಡಿಯೋರು, ನಾನ್ಯಾಕೆ ಇಲ್ಲಿ' ಅಂತ ಎದ್ದ. ಗೇಟಿನ ತನಕ ಹೋದ. ನಾನು ಹಿಂದೆ ಹೋಗಿ ಎಳನೀರು ಕುಡಿಸಿ, ಸುಮ್ಮನೆ ನಿಂತಿದ್ದೆ. ತಾಯಿ ಒಬ್ಬರೇ ಬಂದಿದ್ದರೆ ಇಷ್ಟು ಹೊತ್ತಿಗೆ ವಾಪಸ್ ಬಸ್ಸಿನಲ್ಲಿ ಇರುತ್ತಿದ್ದರು ಅನಿಸುತ್ತೆ. ಸಾಲಿನಲ್ಲಿ ಜಾಗ ಹಿಡಿದು ಕೂರಲು ಒಬ್ಬರು ಬೇಕು, ಹುಡುಗನ ಹಿಂದೆ ಹೋಗಲು ಒಬ್ಬರು ಬೇಕು.

ಮೊದಲು ಒಬ್ಬ ಡಾಕ್ಟರು ಚುಟುಕಾಗಿ ನೋಡಿದರು. ಆಮೇಲೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯೊಬ್ಬರು ತಾಯಿಯ ಜೊತೆ ದೀರ್ಘವಾಗಿ ಕೂತರು. ಹೆರಿಗೆ ಹೇಗಾಯ್ತು, ಯಾವಾಗ ನಡೆದ, ಶಾಲೆಯಲ್ಲಿ ಹೇಗಿದ್ದ ಎಂಬಲ್ಲಿಂದ ಶುರು. ಚಿಕ್ಕಂದಿನಿಂದ ಒಂದು ಕಡೆ ಕೂರುತ್ತಿರಲಿಲ್ಲ, ಪೆನ್ಸಿಲ್ ದಿನಕ್ಕೊಂದು ಕಳೆಯುತ್ತಿದ್ದ, ಟೀಚರು ಮೊದಲ ಬೆಂಚಿನಿಂದ ಎಬ್ಬಿಸಿ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಇದನ್ನೆಲ್ಲ ತಾಯಿ ತರಲೆ ಅಂತ ಹೇಳುತ್ತಾ ಹೋದರು, ಅವರು ಬರೆದುಕೊಳ್ಳುತ್ತಾ ಹೋದರು. ಗಮನ ನಿಲ್ಲದ, ಚಡಪಡಿಸುವ ಈ ತೊಂದರೆಗೆ ಎಡಿಎಚ್‌ಡಿ ಅಂತ ಹೆಸರಿದೆ, ಇಂಥ ಮಕ್ಕಳು ನಶೆಗೆ ಬೇಗ ಸಿಗುತ್ತಾರೆ, ಅದಕ್ಕೂ ಚಿಕಿತ್ಸೆ ಇದೆ ಅಂತ ಡಾಕ್ಟರು ವಿವರಿಸಿದರು.

ಕುಡಿಯುವ ತಂದೆಯ ಮಕ್ಕಳ ಬಗ್ಗೆ ನಿಮ್ಹಾನ್ಸ್‌ನಲ್ಲೇ ಡಾ. ವಿವೇಕ್ ಬೆನೆಗಲ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ಮಕ್ಕಳಲ್ಲಿ ದುಡುಕು, ಚಡಪಡಿಕೆ ಜಾಸ್ತಿ, ಮೆದುಳಿನ ಅಲೆಗಳಲ್ಲೂ ವ್ಯತ್ಯಾಸ ಕಾಣುತ್ತದೆ ಅಂತ ತೋರಿಸಿದ್ದಾರೆ. ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರ ಜೊತೆ ಸೇರಿ ಸಿ-ವೇದ ಅನ್ನುವ ದೊಡ್ಡ ಅಧ್ಯಯನ ಶುರುವಾಯಿತು. ಬೆಂಗಳೂರು, ಮೈಸೂರು ಸೇರಿ ದೇಶದ ಏಳು ಕಡೆ, 6ರಿಂದ 23 ವರ್ಷದ ಸುಮಾರು 10,000 ಜನರನ್ನು ನೋಡುವ ಅಧ್ಯಯನ ಅದು. ಬರೀ 'ಸಹವಾಸ ದೋಷ' ಅಂತ ಹೇಳಿ ಮುಗಿಸುವುದು ಯಾಕೆ ಸರಿಯಲ್ಲ ಅನ್ನುವುದಕ್ಕೆ ನನಗೆ ಇಂಥ ಕೆಲಸಗಳೇ ಆಧಾರ. ತಾಯಿಗೆ ಇದನ್ನು ನಮ್ಮ ಮಾತಲ್ಲಿ ಹೇಳಿದೆ. 'ಹಂಗಾದ್ರೆ ನಾನು ಬೆಳೆಸಿದ್ದು ತಪ್ಪಲ್ವಾ?' ಅಂತ ಕೇಳಿದರು. ಅಲ್ಲ ಅಕ್ಕ, ಅಂದೆ. ಅವರು ಆ ದಿನ ಅತ್ತದ್ದು ಆಗಲೇ.

ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಡಾಕ್ಟರು ಮಾತಾಡಿದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಬಿಡು ಅಂತ ಅವರು ಹೇಳಲೇ ಇಲ್ಲವಂತೆ. 'ಅದರಿಂದ ನಿಂಗೆ ಏನು ಸಿಗತ್ತೆ?' ಅಂತ ಕೇಳಿದರಂತೆ. ಹಸಿವಾಗೋದು ಗೊತ್ತಾಗಲ್ಲ, ಅಪ್ಪ ಕೂಗೋದು ಎಲ್ಲೋ ದೂರದಲ್ಲಿ ಕೇಳ್ಸತ್ತೆ ಅಂದನಂತೆ. ಆಮೇಲೆ, ಅದರಿಂದ ಏನು ಹೋಗಿದೆ ಅಂತ ಕೇಳಿದರು. ಕಬಡ್ಡಿ ಹೋಯ್ತು, ದಮ್ಮು ನಿಲ್ಲಲ್ಲ, ಅಂದ.

ಮೂಸುವ ನಶೆ ಬಿಡಿಸುವುದಕ್ಕೇ ಅಂತ ಒಂದು ಮಾತ್ರೆ ಇಲ್ಲ. ನಿದ್ದೆ, ಸಿಡುಕು, ಗಮನದ ತೊಂದರೆ ಇವಕ್ಕೆ ಔಷಧಿ ಕೊಡಬಹುದು. ಉಳಿದದ್ದು ಮಾತುಕತೆ, ಮನೆಯವರ ಜೊತೆ ಕೆಲಸ. ಸಲ್ಯೂಷನ್‌ನಲ್ಲಿರುವ ಟೊಲ್ಯೂಯಿನ್‌ನಂಥ ದ್ರಾವಕ ಮೆದುಳಿಗೆ ಪೆಟ್ಟು ಕೊಡುತ್ತದೆ, ಒಮ್ಮೊಮ್ಮೆ ಹೃದಯ ಇದ್ದಕ್ಕಿದ್ದಂತೆ ನಿಂತೂ ಹೋಗಬಹುದು ಅಂದರು. ಸ್ವಲ್ಪ ದಿನ ಆ ಬೀದಿಯಿಂದ ದೂರ ಇರಲಿ, ಅಡ್ಮಿಟ್ ಮಾಡೋಣ ಅಂತ ತೀರ್ಮಾನವಾಯಿತು.

18ರ ಒಳಗಿನವರ ಅಡ್ಮಿಷನ್‌ಗೆ ಕಾನೂನು ಬಿಗಿ. ತಾಯಿ ಅರ್ಜಿ ಕೊಡಬೇಕು. ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು. ದಾಖಲು ಮಾಡಿದ್ದನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರಾತ್ರಿ ವ್ಯಾನ್ ಕಳಿಸುವವರನ್ನು ನೆನೆಸಿಕೊಂಡರೆ ಈ ಬಿಗಿ ಎಷ್ಟು ಬೇಕು ಅಂತ ಅರ್ಥವಾಗುತ್ತದೆ. ಆದರೆ ಜೊತೆಗೆ ಇರುವವರು ಯಾರು? ತಾಯಿ ಕೆಲಸ ಬಿಟ್ಟರೆ ಬಾಡಿಗೆ ಕಟ್ಟುವವರಿಲ್ಲ. ಕಾನೂನು ಸರಿಯಾಗಿಯೇ ಇದೆ, ಅದನ್ನು ಪಾಲಿಸಲು ಬೇಕಾದ ಮನುಷ್ಯರು ಇಂಥ ಮನೆಯಲ್ಲಿಲ್ಲ. ನಾನು ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ. ಚಿಕಿತ್ಸೆ ನಮ್ಮ ಊರಲ್ಲಿದೆ, ಚೆನ್ನಾಗಿದೆ, ದುಬಾರಿಯೂ ಅಲ್ಲ. ಮಗುವಿನ ಜೊತೆ ಕೂರುವವರ ದಿನಗೂಲಿ ಯಾರ ಲೆಕ್ಕದಲ್ಲೂ ಇಲ್ಲ.

ಕೊನೆಗೆ ಕುಣಿಗಲ್ ಕಡೆಯ ಹಳ್ಳಿಯಿಂದ ಅಜ್ಜಿ ಬಂದರು. ಹಸು ಪಕ್ಕದ ಮನೆಯವರಿಗೆ ಒಪ್ಪಿಸಿ, ಒಂದು ಚೀಲದಲ್ಲಿ ರಾಗಿ ಹಿಟ್ಟು ಕಟ್ಟಿಕೊಂಡು ಬಂದಿದ್ದರು. ತಾಯಿ ಸಂಜೆ ಕೆಲಸ ಮುಗಿಸಿ ಬಂದು ನೋಡಿಕೊಂಡು ಹೋಗುತ್ತಿದ್ದರು. ಮೊದಲ ವಾರ ಹುಡುಗ ಸಿಡಿಸಿಡಿ ಅನ್ನುತ್ತಿದ್ದ, ತಟ್ಟೆ ಎಸೆದ. ಅಜ್ಜಿ ಇನ್ನೊಂದು ತಟ್ಟೆಗೆ ಬಡಿಸಿದರು. ಆಮೇಲೆ ಊಟ ಮಾಡಲು ಶುರು ಮಾಡಿದ.

ಡಿಸ್ಚಾರ್ಜ್ ಆದ ಮೇಲೆ ಶಾಲೆಯದು ಇನ್ನೊಂದು ರಗಳೆ. ಟಿಸಿ ತಗೊಂಡು ಹೋಗಿ ಅಂದರು. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ತೆಗೆಯುವ ಹಾಗಿಲ್ಲ. ತಾಯಿ ಅದನ್ನು ಒಂದು ಅರ್ಜಿಯಲ್ಲಿ ಬರೆದು ಕೊಟ್ಟ ಮೇಲೆ ಮಾತು ಮೆತ್ತಗಾಯಿತು. ಒಂಬತ್ತನೇ ಕ್ಲಾಸಿನವನಾಗಿದ್ದರೆ ಈ ಕಾಯ್ದೆಯೂ ಇರುತ್ತಿರಲಿಲ್ಲ ಅನ್ನುವುದನ್ನು ಓದುವವರು ಗಮನಿಸಬೇಕು.

ನಿಜವಾದ ತೊಂದರೆ ಸಂಜೆಯದು. ಶಾಲೆ ಬಿಟ್ಟಾಗಿನಿಂದ ತಾಯಿ ಬರುವ ತನಕ ಅವನು ಎಲ್ಲಿರಬೇಕು? ಡಾಕ್ಟರು ಪ್ರತಿ ಭೇಟಿಯಲ್ಲೂ ಕೇಳುತ್ತಿದ್ದುದು ಇದನ್ನೇ. ಸೈಕಲ್ ಅಂಗಡಿಯವರನ್ನು ಕಂಡು ಮಾತಾಡಿದೆವು. ಪಾಪ, ಅವರಿಗೆ ನಿಜವಾಗಿ ಗೊತ್ತಿರಲಿಲ್ಲ, ಹುಡುಗ ಬಂದರೆ ವಾಪಸ್ ಕಳಿಸುತ್ತೇನೆ ಅಂದರು. ಮೈದಾನದ ಕಬಡ್ಡಿ ಹುಡುಗರು ಸೇರಿಸಿಕೊಂಡರು. ಮಧ್ಯೆ ಒಮ್ಮೆ ಜಾರಿದ. ತಾಯಿ ಎಲ್ಲಾ ಮುಗೀತು ಅಂತ ಕೂತುಬಿಟ್ಟರು. ಇದು ಕಾಯಿಲೆಯಲ್ಲಿ ಆಗುವಂಥದ್ದೇ, ಬೈಯದೆ ಕರೆದುಕೊಂಡು ಬನ್ನಿ ಅಂತ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ಈಗ ಭೇಟಿಗಳ ಅಂತರ ಜಾಸ್ತಿಯಾಗಿದೆ. ತಂದೆಯನ್ನೂ ಕರೆತನ್ನಿ ಅಂತ ಡಾಕ್ಟರು ಹೇಳುತ್ತಲೇ ಇದ್ದಾರೆ. ಅವರು ಇನ್ನೂ ಬಂದಿಲ್ಲ.

ನಮ್ಮ ಅಧ್ಯಯನದ ಮುಂದಿನ ಸುತ್ತಿಗೆ ಪ್ರಸ್ತಾವನೆ ಬರೆಯುವಾಗ ನನ್ನನ್ನೂ ಕೂರಿಸಿಕೊಂಡರು. ಚೀಟಿ ತೆಗೆದುಕೊಂಡ ಮನೆಯವರ ಜೊತೆ ಮೊದಲ ಭೇಟಿಗೆ ನಮ್ಮಲ್ಲೊಬ್ಬರು ಹೋಗಬೇಕು, ಆ ದಿನದ ಕೂಲಿ ನಷ್ಟ ಮತ್ತು ಮಗುವಿನ ಬಸ್ ಚಾರ್ಜು ಕೊಡಬೇಕು ಅಂತ ಬಜೆಟ್‌ನಲ್ಲಿ ಹಾಕಿಸಿದ್ದೇನೆ. 'ಚೀಟಿ ಕೊಟ್ಟೆವು' ಅನ್ನುವ ಕಾಲಂ ಪಕ್ಕದಲ್ಲಿ 'ಡಾಕ್ಟರನ್ನು ಕಂಡರಾ' ಅನ್ನುವ ಇನ್ನೊಂದು ಕಾಲಂ ಬಂದಿದೆ. ದುಡ್ಡು ಕೊಟ್ಟರೆ ಅದು ಆಮಿಷ ಆಗುವುದಿಲ್ಲವಾ ಅಂತ ಎಥಿಕ್ಸ್ ಕಮಿಟಿ ಕೇಳಿ ಕಳಿಸಿದೆ. ಮಗು ಏನೇ ಉತ್ತರ ಕೊಟ್ಟಿರಲಿ, ಆಸ್ಪತ್ರೆಗೆ ಹೋಗಲು ಒಪ್ಪಿದ ಪ್ರತಿ ಮನೆಗೂ ಇದು ಸಿಗುತ್ತದೆ, ಸಂದರ್ಶನ ಮುಗಿಯುವ ತನಕ ಇದರ ಮಾತು ಎತ್ತುವುದಿಲ್ಲ ಅಂತ ಉತ್ತರ ಬರೆಯುತ್ತಿದ್ದೇವೆ. ಮುಂದಿನ ವಾರ ಕಳಿಸಬೇಕು.